ಕಪಾಟಿನ ಇನ್ನೂರ ಹದಿನಾರು ಬಾಯಿಗಳು

ಜೂನ್ 3

ಮಾನ್ಯ ಅಧ್ಯಕ್ಷರೇ, ಮೇಲ್ದವಡೆಯ ಗಣ್ಯರೇ, ಕೆಳದವಡೆಯ ಮಹನೀಯರೇ, ಬೆಳಗಿನಿಂದ ಬಾಯಿ ತೆರೆದೇ ಕುಳಿತಿದ್ದರೂ ಒಂದು ಮಾತೂ ಆಡದ ಸಹನಾಮೂರ್ತಿಗಳೇ! ಹಲ್ಲಿನ ಆಸ್ಪತ್ರೆಯ ಈ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತು ಕಟ್ಟಿದ್ದು ಸಾವಿರಾರು ಹಲ್ಲು, ಆಡಿದ್ದು ನಾಲ್ಕಾರು ಸೊಲ್ಲು ಎಂಬಂಥ ಬಡಪಾಯಿಯೊಬ್ಬ ಇಂದು ತಮ್ಮೆದುರು ತನ್ನನ್ನು ತಾನೇ ಪರಿಚಯಿಸಿಕೊಳ್ಳಲು ನಿಂತಿದ್ದಾನೆ. ದಯವಿಟ್ಟು ಯಾರೂ ಎದ್ದು ಹೋಗಬೇಡಿ. ತಮಗೆ ಕಾಲಿಲ್ಲ ಎಂಬ ಧೈರ್ಯದ ಮೇಲೆಯೇ ಭಾಷಣ ಶುರು ಮಾಡಿದ್ದೇನೆ.

ಬಾಚಿ, ಹೆದರಬೇಡ. ತಲೆ ಕೆಟ್ಟಿಲ್ಲ. ಇದು ನಾನು ಸೇರಿದ ಕೋರ್ಸಿನ ಹೋಂವರ್ಕ್: ತನ್ನನ್ನು ತಾನೇ ಪರಿಚಯಿಸಿಕೊಳ್ಳುವ ವಿಡಿಯೊ ಕಳಿಸಬೇಕು. ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು, ಬಾಗಿಲು ಹಾಕಿಕೊಂಡು, ಕಪಾಟಿನ ಮುಂದೆ ನಿಂತು ಅಭ್ಯಾಸ ಮಾಡಿದೆ. ಎಣಿಸಿದೆ ಕೂಡ: ಇನ್ನೂರ ಹದಿನಾರು ಬಾಯಿಗಳಿವೆ. ಒಂದಾದರೂ ಆಕಳಿಸಲಿಲ್ಲ. ಇಷ್ಟು ಮರ್ಯಾದಸ್ಥ ಸಭೆ ಇನ್ನೆಲ್ಲಿ ಸಿಕ್ಕೀತು?

ನಮ್ಮ ಕಪಾಟು ನಿನಗೆ ನೆನಪಿದೆಯಲ್ಲ. ಒಂದು ಬಾಯಿಗೆ ಎರಡು ಸುಣ್ಣದ ಅಚ್ಚು. ಕೆಲಸಕ್ಕೆ ಇಳಿಸಿದ ಅಚ್ಚು, ಅದರ ಮೇಲೆ ಕಟ್ಟಿದ ಹಲ್ಲಿನ ಕಟ್ಟು ಬಿಡಿಸುವಾಗ ಪುಡಿಯಾಗಿ ಕಸ ಸೇರುತ್ತದೆ, ಅದರ ಜೋಡಿ ಕಪಾಟು ಸೇರುತ್ತದೆ. ಕಪಾಟಿನ ಅಚ್ಚುಗಳ ತಳದಲ್ಲಿ ನೀನು ಚಾಕುವಿನಿಂದ ಕೊರೆದ ನಂಬರುಗಳು ಇವತ್ತಿಗೂ ಬೆರಳಿಗೆ ಸಿಗುತ್ತವೆ. "ಬರೆದದ್ದು ತೊಳೆದು ಹೋಗುತ್ತೆ, ಕೊರೆದದ್ದು ಉಳಿದು ಹೋಗುತ್ತೆ" ಅನ್ನುತ್ತಿದ್ದೆ ನೀನು. ಕೆಲಸದ ಅಚ್ಚಿಗೆ ನಂಬರು ಬರೆಯುತ್ತಿದ್ದ ನಾನು ಸ್ಕೆಚ್ ಪೆನ್ನಿನ ಸೋಮಾರಿ.

ವಿಷಯಕ್ಕೆ ಬರುತ್ತೇನೆ. ದೊಡ್ಡ ಡಾಕ್ಟರು ಸಾಕೆಂದು ಮನೆಯಲ್ಲಿ ಕೂತರು. ಈಗ ಅವರ ಮಗಳದೇ ರಾಜ್ಯ. ನಾವು ಅವಳನ್ನು ಚಿಕ್ಕ ಡಾಕ್ಟರು ಅನ್ನುತ್ತೇವೆ. ಬಂದವಳೇ ಒಂದು ಕೋಲು ತರಿಸಿದಳು. ಕೋಲಿನ ತುದಿಯಲ್ಲಿ ಕ್ಯಾಮೆರಾ. ಬಾಯಲ್ಲಿ ಒಂದು ಸುತ್ತು ತಿರುಗಿಸಿದರೆ ದವಡೆಯೆಲ್ಲ ಪರದೆಯ ಮೇಲೆ ಬಂದು ಕೂರುತ್ತದೆ. ಸುಣ್ಣವಿಲ್ಲ, ಮೇಣವಿಲ್ಲ, ಅಚ್ಚಿಲ್ಲ. ಹಲ್ಲನ್ನು ಪರದೆಯ ಮೇಲೇ ಕೂರಿಸಬೇಕು, ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ನನ್ನನ್ನು ಕರೆದು ಹೇಳಿದಳು: "ಅಂಕಲ್, ಆನ್‌ಲೈನ್ ಕೋರ್ಸ್ ಇದೆ. ಮನೇಲೇ ಕೂತು ಕಲೀಬಹುದು. ಆಗಸ್ಟ್ ಮುಗಿಯೋದರೊಳಗೆ ಸರ್ಟಿಫಿಕೇಟ್ ತನ್ನಿ. ಇಲ್ಲಾಂದ್ರೆ ನಾನು ಕೆಲಸ ಹೊರಗಡೆ ಕಳಿಸಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಬೇಜಾರಿಲ್ಲ ಅಂದೆ. ನಲವತ್ತಾರರಲ್ಲಿ ಅಕ್ಷರಾಭ್ಯಾಸ, ಹಲ್ಲು ಬಿದ್ದ ಮೇಲೆ ಕಬ್ಬಿನ ಪ್ರಯಾಸ.

ಕೋರ್ಸಿನಲ್ಲಿ ಎರಡು ಭಾಗ. ಒಂದು ವೃತ್ತಿಗೆ, ಒಂದು ವ್ಯಕ್ತಿತ್ವಕ್ಕೆ. ವೃತ್ತಿಯನ್ನು ಹೇಗೋ ದಾಟುತ್ತೇನೆ. ಕೊನೆಯಲ್ಲಿ ಮಾತ್ರ ಒಂದು ಬೀಗವಿದೆ: ನನ್ನ ಜೊತೆ ಐದು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದವರೊಬ್ಬರು ನನ್ನ ಬಗ್ಗೆ ಹನ್ನೆರಡು ಪ್ರಶ್ನೆಗೆ ಉತ್ತರ ತುಂಬಿ ಕಳಿಸಬೇಕು. ಅದಿಲ್ಲದೆ ಸರ್ಟಿಫಿಕೇಟ್ ಇಲ್ಲ. ನನ್ನ ಜೊತೆ ಅಷ್ಟು ಕಾಲ ಕೂತವನು ಭೂಮಿಯ ಮೇಲೆ ನೀನೊಬ್ಬನೇ. ಹದಿನೆಂಟು ವರ್ಷ, ಬೆನ್ನಿಗೆ ಬೆನ್ನು. ಮುಂದಿನ ಹಲ್ಲು ನಿನಗೆ, ಹಿಂದಿನ ಹಲ್ಲು ನನಗೆ. ಮುಂಬಾಗಿಲಲ್ಲಿ ರೋಗಿಗಳಿಗೆ ಟೋಕನ್ ಕೊಡುವ ನಮ್ಮ ಟೋಕನ್ ಅಕ್ಕ ನಿನಗೆ ಬಾಚಿ, ನನಗೆ ದವಡೆ ಅಂತ ಹೆಸರಿಟ್ಟದ್ದೂ ಅದಕ್ಕೇ ತಾನೆ.

ನೀನು ಹೋದ ಈ ನಾಲ್ಕು ವರ್ಷದಲ್ಲಿ ಹನ್ನೊಂದು ಸಲ ಫೋನ್ ಮಾಡಿದ್ದೇನೆ. ನೀನು ತೆಗೆಯಲಿಲ್ಲ. ತೆಗೆಯದಿರಲು ನಿನಗೆ ಕಾರಣವಿದೆ, ನನಗೂ ಗೊತ್ತು. ಆದರೆ ಕಾಗದವನ್ನು ಒಡೆಯದೆ ಬಿಸಾಡುವಷ್ಟು ಗಟ್ಟಿ ಮನುಷ್ಯ ನೀನಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಂತಿ ನಿನ್ನ,
ದವಡೆ

ಜೂನ್ 24

ಬಾಚಿ,

ಉತ್ತರ ಬರಲಿಲ್ಲ. ಇರಲಿ. ಸಭೆಯಲ್ಲಿ ಚಪ್ಪಾಳೆ ಬಾರದಿದ್ದರೂ ಭಾಷಣಕಾರ ಕೂರಬಾರದು ಎಂಬುದು ನಿಯಮ.

ಆ ಪರಿಚಯದ ವಿಡಿಯೊ ಕಳಿಸಿದೆ. ತರಗತಿಯಲ್ಲಿ ಮುನ್ನೂರ ನಲವತ್ತು ಜನ ಇದ್ದಾರಂತೆ. ಯಾರ ಮುಖವೂ ಇಲ್ಲ, ಹೆಸರಿನ ಮೊದಲಕ್ಷರ ಬರೆದ ಬಣ್ಣದ ಬಿಲ್ಲೆಗಳಷ್ಟೇ. ನನ್ನ ವಿಡಿಯೊಗೆ ಮೂರು ಹೆಬ್ಬೆರಳು ಬಂದವು. ಒಂದು ನನ್ನದೇ, ಒತ್ತಿ ನೋಡುವಾಗ ಬಿದ್ದುಬಿಟ್ಟಿತು. ಇನ್ನೊಂದು ಟೋಕನ್ ಅಕ್ಕನದು. ಅವಳ ಫೋನಿನಿಂದ ನಾನೇ ಒತ್ತಿಸಿದೆ. ಮೂರನೆಯದು ಯಾರದೋ. ಆ ಒಂದು ಹೆಬ್ಬೆರಳನ್ನು ಎರಡು ದಿನ ತೆಗೆದು ತೆಗೆದು ನೋಡಿದೆ.

ಪಾಠ ಹೇಳಲು ಪರದೆಯ ಮೂಲೆಯಲ್ಲಿ ಒಬ್ಬ ದುಂಡುಮುಖದವನು ಕಣ್ಣು ಮಿಟುಕಿಸುತ್ತಿರುತ್ತಾನೆ. ಏನು ಮಾಡಿದರೂ "ಶಭಾಷ್!" ಅನ್ನುತ್ತಾನೆ. ಹಾಗಾಗಿ ಶಭಾಷ್‌ರಾಯ ಎಂದು ನಾಮಕರಣ ಮಾಡಿದ್ದೇನೆ. ಕೋರೆಹಲ್ಲನ್ನು ತಲೆಕೆಳಗಾಗಿ ಕೂರಿಸಿದೆ. "ಶಭಾಷ್! ಒಳ್ಳೆಯ ಪ್ರಯತ್ನ!" ನಾಲಿಗೆ ಇರಬೇಕಾದ ಜಾಗದಲ್ಲಿ ದವಡೆ ಹಲ್ಲು ಇಟ್ಟೆ. "ಶಭಾಷ್! ನೀವು ಕಲಿಯುತ್ತಿದ್ದೀರಿ!" ಹದಿನೆಂಟು ವರ್ಷದಲ್ಲಿ ನಿನ್ನ ಬಾಯಿಂದ ನನಗೆ ಬಂದ ಅತಿ ದೊಡ್ಡ ಹೊಗಳಿಕೆ "ಪರವಾಗಿಲ್ಲ, ಕಿತ್ತು ಮತ್ತೆ ಕೂರಿಸು" ಅನ್ನುವುದು. ಆ "ಪರವಾಗಿಲ್ಲ" ಕೇಳದೆ ನಾಲ್ಕು ವರ್ಷವಾಯಿತು.

ವ್ಯಕ್ತಿತ್ವದ ಭಾಗದಲ್ಲಿ ಒಂದು ಚಕ್ರ ಕೊಟ್ಟರು. ಎಂಟು ಹೋಳು: ಕೆಲಸ, ಆರೋಗ್ಯ, ಮನೆ, ಸ್ನೇಹ ಹೀಗೆ. ಪ್ರತಿಯೊಂದಕ್ಕೂ ಹತ್ತರಲ್ಲಿ ಎಷ್ಟು ಅಂತ ಬೆರಳಿನಿಂದ ಎಳೆದು ಬಣ್ಣ ತುಂಬಬೇಕು. ಆರೋಗ್ಯಕ್ಕೆ ಏಳು ಕೊಟ್ಟೆ. ಕೆಲಸಕ್ಕೆ ಐದು. ಮನೆ ಅಂದರೆ ಏನು ಕೊಡಲಿ? ಅಮ್ಮ ಹೋದ ಮೇಲೆ ಮನೆಯಲ್ಲಿ ಇರುವುದು ಒಂದು ಮಂಚ, ಒಂದು ಒಲೆ, ಎರಡು ಲೋಟ. ಎರಡನೇ ಲೋಟ ಯಾಕಿದೆಯೋ ಅದಕ್ಕೇ ಗೊತ್ತು. ಮೂರು ಕೊಟ್ಟೆ. ಸ್ನೇಹಕ್ಕೆ ಸೊನ್ನೆ ಕೊಡಲು ಹೋದರೆ ಬೆರಳು ಎಷ್ಟು ಎಳೆದರೂ ಅದು ಒಂದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಯಂತ್ರಕ್ಕೂ ಒಂದಿಷ್ಟು ದಾಕ್ಷಿಣ್ಯ ಇಟ್ಟಿದ್ದಾರೆ. ಕೊನೆಗೆ ಚಕ್ರ ನೋಡಿದರೆ ಇಲಿ ಕಡಿದ ಹಪ್ಪಳದ ಹಾಗೆ. "ಈ ಚಕ್ರ ಸಲೀಸಾಗಿ ಉರುಳುವುದೇ? ಯೋಚಿಸಿ!" ಅಂದ ಶಭಾಷ್‌ರಾಯ. ಉರುಳದಿದ್ದರೇ ಒಳ್ಳೆಯದು, ಇಟ್ಟಲ್ಲಿ ಇರುತ್ತದೆ ಎಂದು ಬರೆದೆ. "ಶಭಾಷ್!" ಅಂದ.

ಮುಂದಿನ ಪಾಠದ ಹೆಸರು "ನಾನು ಮಾಡಿದ ಒಂದು ತಪ್ಪು". ಕೆಲಸದಲ್ಲಿ ಮಾಡಿದ ಒಂದು ತಪ್ಪನ್ನು ನೂರೈವತ್ತು ಪದಗಳಿಗೆ ಕಡಿಮೆಯಾಗದಂತೆ ಬರೆಯಬೇಕು. ಅದನ್ನು ಇನ್ನೂ ತೆರೆದಿಲ್ಲ.

ಉತ್ತರ ಬರಿ. ಬೈದಾದರೂ ಬರಿ.

ನಿನ್ನ,
ದವಡೆ

ಜುಲೈ 4

ದವಡೆ,

ಕಾಗದ ಎರಡೂ ಬಂತು. ಮೊದಲನೆಯದನ್ನು ಇವಳು ಓದಿ ನಕ್ಕಳು. ಮಗಳೂ ನಕ್ಕಳು. ನಾನು ಆಮೇಲೆ ಓದಿದೆ.

ಈಗ ನಾನು ಒಂದು ಗೋದಾಮಿನಲ್ಲಿದ್ದೇನೆ. ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ. ದಿನಕ್ಕೆ ಎಂಟುನೂರು ಪೆಟ್ಟಿಗೆ. ಚೀಟಿ ಸೊಟ್ಟಗಾದರೆ ಕಿತ್ತು ಇನ್ನೊಂದು ಅಂಟಿಸಬಹುದು. ಯಾರ ಬಾಯಿಯೂ ಹರಿಯುವುದಿಲ್ಲ. ಅದೇ ಸಮಾಧಾನ.

ನೀನು ಕೇಳಿದ್ದು ಆಗುವುದಿಲ್ಲ. ಯಾಕೆ ಅಂತ ನಿನಗೇ ಗೊತ್ತು. ಹುಳುಕು ಹಲ್ಲಿಗೆ ಆನಿಸಿ ಸೇತುವೆ ಕಟ್ಟಿದರೆ ಎರಡೂ ಬೀಳುತ್ತವೆ. ನನ್ನ ಸಾಕ್ಷಿ ತೆಗೆದುಕೊಂಡರೆ ನಿನ್ನ ಕಥೆ ಅದೇ ಆಗುತ್ತೆ. ಆ ಹೆಡ್‌ಮಿಸ್ಟ್ರೆಸ್ ಅಮ್ಮನವರನ್ನು ನಾನು ಮರೆತಿಲ್ಲ. ಮೂವತ್ತು ವರ್ಷ ಪಾಠ ಹೇಳಿದವರು, ಬೀಳ್ಕೊಡುಗೆ ಸಭೆಯಲ್ಲಿ ಮಾತಾಡುತ್ತಿದ್ದಾಗ ಪೂರಾ ನಾನೇ ಕಟ್ಟಿದ ಮೇಲಿನ ಹಲ್ಲಿನ ಕಟ್ಟು ಜಾರಿ ಮೈಕಿಗೆ ಬಡಿಯಿತು. ಮಕ್ಕಳೆಲ್ಲ ನಕ್ಕವಂತೆ. ಮಾರನೆ ದಿನ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರಲ್ಲ, ಬೈಯಲಿಲ್ಲ, ಅಷ್ಟೇ ಮಾಡಿದರು. ದೊಡ್ಡ ಡಾಕ್ಟರು ಅದನ್ನು ಕಪಾಟಿನಲ್ಲಿದ್ದ ಅಮ್ಮನವರ ನಲವತ್ತೊಂದನೇ ಅಚ್ಚಿನ ಮೇಲೆ ಇಟ್ಟು ನೋಡಿದರು. ಕೂರಲಿಲ್ಲ. "ಅಚ್ಚು ಸರಿಯಿದೆ. ಕೈ ತಪ್ಪಿದೆ" ಅಂದರು. ಅವತ್ತೇ ಚೀಲ ತುಂಬಿಕೊಂಡು ಬಂದೆ.

ಅವರು ಹೇಳಿದ್ದು ಸರಿ. ನಾನೂ ನೋಡಿದೆನಲ್ಲ. ಸಂದಿನಲ್ಲಿ ಪೆನ್ಸಿಲ್ ತೂರಿಸಬಹುದಿತ್ತು.

ನೀನು ಪಾಸಾಗಬೇಕು. ಬೇರೆ ಯಾರನ್ನಾದರೂ ನೋಡಿಕೋ.

ಬಾಚಿ

ಜುಲೈ 11

ಬಾಚಿ,

ಬೇರೆ ಯಾರನ್ನು ನೋಡಿಕೊಳ್ಳಲಿ? ಟೋಕನ್ ಅಕ್ಕನನ್ನು ಕೇಳಿದೆ. "ನಾನು ನಿಮ್ಮ ಜೊತೆ ಕೆಲಸ ಮಾಡಿಲ್ಲಪ್ಪ, ನಿಮ್ಮ ಬಾಗಿಲು ತಟ್ಟಿದ್ದೀನಿ ಅಷ್ಟೇ" ಅಂದಳು. ನಿಜ. ಕಪಾಟಿನವರನ್ನು ಕೇಳೋಣವೆಂದರೆ ಅವರಿಗೆ ಸಹಿ ಬರುವುದಿಲ್ಲ.

ಆ ಹಳೆಯ ವಿಷಯ ಬಿಡು. ಯಾರೂ ನೆನಪಿಟ್ಟುಕೊಂಡಿಲ್ಲ. ತಪ್ಪು ಯಾರಿಂದ ಆಗುವುದಿಲ್ಲ? ಎಡವದ ಕಾಲಿಲ್ಲ, ಒಡೆಯದ ಹಾಲಿಲ್ಲ.

(ಈ ಸಾಲು ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ. ಬಂದು ನೋಡಿದರೆ ಪ್ರಾಸ ಚೆನ್ನಾಗಿಯೇ ಇದೆ. ಇರಲಿ ಅಂತ ಬಿಟ್ಟಿದ್ದೇನೆ.)

ಪಾಠ ಮುಂದೆ ಹೋಗಿದೆ. ಈಗ ಮುಂದಿನ ಹಲ್ಲುಗಳ ಸರದಿ, ಅಂದರೆ ನಿನ್ನ ಸೀಮೆ. ಪರದೆಯ ಮೇಲೆ ಒಂದು ಗುಂಡಿ ಒತ್ತಿದರೆ ಆರು ಹಲ್ಲೂ ಸಾಲಾಗಿ ಬಂದು ನಿಲ್ಲುತ್ತವೆ, ಒಂದೇ ಎತ್ತರ, ಒಂದೇ ಬಿಳುಪು, ಶಾಲೆಯ ಮಕ್ಕಳ ಹಾಗೆ. ನೀನು ಎಡಗಡೆಯ ಎರಡನೇ ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆಯಲ್ಲ, "ಪೂರಾ ನೆಟ್ಟಗಿದ್ರೆ ಸುಳ್ಳು ಅನ್ಸುತ್ತೆ ಕಣೋ" ಅಂತ? ಹಾಗೇ ತಿರುಗಿಸಿ ನೋಡಿದೆ. ತಕ್ಷಣ ಸುತ್ತ ಕೆಂಪು ಗೆರೆ: "ಸಾಲಿನಲ್ಲಿ ದೋಷವಿದೆ. ಸರಿಪಡಿಸಲೇ?" ಬೇಡ ಅಂತ ಒತ್ತಿದೆ. ಮತ್ತೆ ಕೇಳಿತು. ಮೂರು ಸಲ ಬೇಡ ಅಂದೆ, ನಾಲ್ಕನೇ ಸಲ ಅದೇ ನೆಟ್ಟಗೆ ಮಾಡಿಬಿಟ್ಟಿತು. ಶಭಾಷ್ ಅಂತ ಹೇಳಿದ್ದು ನನಗಲ್ಲ, ತನಗೇ ಇರಬೇಕು.

ಆ ತಪ್ಪಿನ ಪಾಠವನ್ನೂ ಮುಗಿಸಿದೆ. ಮೊದಲು ಬರೆದದ್ದು: ಒಮ್ಮೆ ಸುಣ್ಣಕ್ಕೆ ನೀರು ಹೆಚ್ಚಾಯಿತು. "ಶಭಾಷ್! ಇನ್ನಷ್ಟು ಆಳಕ್ಕೆ ಹೋಗಬಲ್ಲಿರಾ?" ಎರಡನೆಯದು: ಒಮ್ಮೆ ಒಂದು ಹಲ್ಲು ನೆಲಕ್ಕೆ ಬಿದ್ದು ಗುಡಿಸುವಾಗ ಸಿಕ್ಕಿತು. "ಶಭಾಷ್! ಇನ್ನಷ್ಟು ಆಳಕ್ಕೆ?" ಮೂರನೆಯದು ಪೂರಾ ಕಟ್ಟುಕಥೆ. ತಡವಾಗಿ ಬಂದೆ, ಒಬ್ಬ ಮುದುಕಪ್ಪ ಕಾದು ಕಾದು ಹೋದರು, ಅಂದಿನಿಂದ ನಾನು ಬದಲಾದೆ ಅಂತ. ಅದಕ್ಕೆ ಪರದೆಯ ತುಂಬ ನಕ್ಷತ್ರ ಸುರಿಯಿತು. "ಪ್ರಾಮಾಣಿಕತೆಯ ಪದಕ ನಿಮ್ಮದಾಗಿದೆ!"

ಪದಕ ಇಟ್ಟುಕೊಂಡಿದ್ದೇನೆ. ಹಳದಿ ಬಣ್ಣದ್ದು.

ಬಾಚಿ, ಆ ಹನ್ನೆರಡು ಪ್ರಶ್ನೆ ನೀನೇ ತುಂಬಬೇಕು. ಕೊಂಡಿ ಮಗಳ ಫೋನಿಗೆ ಕಳಿಸುತ್ತೇನೆ. ಹತ್ತು ನಿಮಿಷದ ಕೆಲಸ. ನೀನು ಬರೆಯದಿದ್ದರೆ ಸೆಪ್ಟೆಂಬರಿಗೆ ಈ ಕೋಣೆಯಲ್ಲಿ ಕಪಾಟೊಂದೇ ಉಳಿಯುತ್ತದೆ.

ನಿನ್ನ,
ದವಡೆ

ಜುಲೈ 22

ದವಡೆಯವರಿಗೆ,

ಇವರಿಗೆ ಹೇಳದೆ ಬರೆಯುತ್ತಿದ್ದೇನೆ. ನೀವು ಅತ್ತಿಗೆ ಅಂತ ಕರೆದು ನಾಲ್ಕು ವರ್ಷವಾಯಿತು. ಆದರೂ ಅತ್ತಿಗೆ ಅತ್ತಿಗೆಯೇ. ಅದಕ್ಕೇ ಬರೆಯುವ ಧೈರ್ಯ.

ನೀವು ಕಾಗದ ಬರೆದದ್ದು ಒಳ್ಳೆಯದಾಯಿತು. ಮೊದಲನೆಯದನ್ನು ಇವರು ಎಷ್ಟು ಸಲ ಓದಿದರು ಅಂತ ನಿಮಗೆ ಹೇಳಿರಲಾರರು. ಅಂಗಿಯ ಜೇಬಿನಲ್ಲೇ ಇದೆ. ಒಗೆಯಲು ಹಾಕುವಾಗ ನಾನು ತೆಗೆದಿಡುತ್ತೇನೆ, ಇವರು ಮತ್ತೆ ಹುಡುಕಿ ಹಾಕಿಕೊಳ್ಳುತ್ತಾರೆ.

ಇವರು ಮೊದಲಿನ ಮನುಷ್ಯ ಅಲ್ಲ. ಆಗೆಲ್ಲ ಬಸ್ಸಿನಲ್ಲಿ ಎದುರು ಕೂತವರ ಬಾಯಿಯನ್ನೇ ನೋಡಿ ನೋಡಿ ಬೈಸಿಕೊಳ್ಳುತ್ತಿದ್ದರು. ನಮ್ಮ ಮದುವೆ ಮಾತುಕತೆಗೆ ಬಂದಾಗಲೂ ನನ್ನ ಮುಖ ನೋಡದೆ ಹಲ್ಲು ನೋಡಿದ ಮಹಾನುಭಾವರು. ಈಗ ಯಾರಾದರೂ ನಕ್ಕರೆ ನೆಲ ನೋಡುತ್ತಾರೆ. ಹೋದ ತಿಂಗಳು ಮಗಳ ಕನ್ನಡಕದ ತಿರುಪು ಬಿದ್ದುಹೋಯಿತು. "ಹಾಕಿಕೊಡಪ್ಪಾ" ಅಂದಳು. "ನನ್ನ ಕೈ ನಡುಗುತ್ತೆ, ಅಂಗಡಿಗೆ ಕೊಡು" ಅಂದರು. ನಾನು ಪಕ್ಕದಲ್ಲೇ ಇದ್ದೆ. ಕೈ ನಡುಗುತ್ತಿರಲಿಲ್ಲ.

ನೀವು ಫೋನ್ ಮಾಡಿದಾಗಲೆಲ್ಲ ಅದು ಹೊಡೆದುಕೊಳ್ಳುವುದನ್ನು ನೋಡುತ್ತ ಕೂರುತ್ತಿದ್ದರು. ಸಿಟ್ಟು ಅಂತ ನೀವು ತಿಳಿದುಕೊಂಡಿದ್ದೀರೇನೋ. ಅದು ಸಿಟ್ಟಲ್ಲ. ಇವರು ಯಾವಾಗಲೂ ಹೇಳುವುದು ಒಂದೇ ಮಾತು: "ಅವತ್ತು ಡಾಕ್ಟರು ಬೈದರು, ಟೋಕನ್ ಅಕ್ಕ ಅತ್ತಳು, ದವಡೆ ಒಬ್ಬನೇ ತಲೆ ತಗ್ಗಿಸಿಕೊಂಡು ಸುಮ್ಮನಿದ್ದ. ಒಂದೇ ಒಂದು ಮಾತು ಅನ್ನಲಿಲ್ಲ. ನನ್ನ ಮಾನ ಉಳಿಸಿದವನು ಅವನೊಬ್ಬ. ಅವನಿಗೆ ಯಾವ ಮುಖ ಇಟ್ಟುಕೊಂಡು ಮಾತಾಡಲಿ?"

ಈ ಮಾತನ್ನು ನಿಮಗೆ ತಿಳಿಸಬೇಕು ಅನ್ನಿಸಿತು. ನಿಮ್ಮ ಫಾರಂ ಇವರ ಕೈಯಲ್ಲಿ ತುಂಬಿಸುವ ಜವಾಬ್ದಾರಿ ನನ್ನದು. ಮಗಳೂ ನನ್ನ ಪಕ್ಷ.

ಊಟ ಸರಿಯಾಗಿ ಮಾಡುತ್ತಿದ್ದೀರಾ?

ಅತ್ತಿಗೆ

ಆಗಸ್ಟ್ 5

ದವಡೆ,

ತುಂಬಿದೆ. ಇವರಿಬ್ಬರೂ ಸೇರಿ ಬಿಡಲಿಲ್ಲ. ಮಗಳು ಫೋನ್ ಹಿಡಿದು ಓದಿದಳು, ನಾನು ಹೇಳಿದೆ, ಅವಳು ಒತ್ತಿದಳು. ನೀನು ಹತ್ತು ನಿಮಿಷ ಅಂತ ಬರೆದಿದ್ದೆ. ಒಂದು ಭಾನುವಾರ ಪೂರ್ತಿ ಹಿಡಿಯಿತು.

ಪ್ರಶ್ನೆಗಳು ತಮಾಷೆಯಾಗಿವೆ. "ಇವರು ತಂಡದಲ್ಲಿ ಬೆರೆಯುತ್ತಾರೆಯೇ?" ತಂಡ ಅಂದರೆ ನಾನೊಬ್ಬ, ಅದೂ ಬೆನ್ನು ಮಾಡಿಕೊಂಡು ಕೂತವನು. ಐದಕ್ಕೆ ನಾಲ್ಕು ಕೊಟ್ಟೆ. "ಇವರು ಒತ್ತಡದಲ್ಲಿ ಹೇಗಿರುತ್ತಾರೆ?" ಪ್ರಾಸ ಕಟ್ಟುತ್ತಾರೆ ಅಂತ ಬರೆಸಿದೆ. ಒಂಬತ್ತನೆಯದು: "ಇವರು ತಮ್ಮ ತಪ್ಪನ್ನು ತಾವೇ ಒಪ್ಪಿಕೊಳ್ಳುತ್ತಾರೆಯೇ?" ಅದಕ್ಕೆ ಐದಕ್ಕೆ ಐದು. ವಿವರ ಬರೆಯಿರಿ ಅಂತ ಜಾಗ ಬಿಟ್ಟಿದ್ದರು. ಹೀಗೆ ಬರೆಸಿದೆ: ಹದಿನೆಂಟು ವರ್ಷದಲ್ಲಿ ಇವನು ಮುಚ್ಚಿಟ್ಟ ತಪ್ಪು ಒಂದೂ ಇಲ್ಲ. ಬೇರೆಯವರ ತಪ್ಪನ್ನು ಎತ್ತಿ ಆಡಿದವನೂ ಅಲ್ಲ.

ಇನ್ನೊಂದು ವಿಷಯ. ನಗಬೇಡ. ಫಾರಂ ಮುಗಿದ ಮೇಲೆ ಮಗಳು ನಿನ್ನ ಕೋರ್ಸಿನ ಮೊದಲ ಪಾಠ ತೆರೆದಳು. ಅದನ್ನು ಯಾರು ಬೇಕಾದರೂ ನೋಡಬಹುದಂತೆ. "ಸುಮ್ನೆ ಆಡಿ ನೋಡಪ್ಪಾ" ಅಂದಳು. ಬೇಡ ಬೇಡ ಅಂದವನು ಕೂತೆ. ಬೆರಳಲ್ಲಿ ಹಲ್ಲು ಎಳೆದು ಕೂರಿಸುವ ಆಟ. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಸರಿ ಅಂತ ತೋರಿಸಿತು. ಒಂದು ಗಳಿಗೆ ಎದೆ ಹಿಗ್ಗಿತು, ಸುಳ್ಳು ಯಾಕೆ ಹೇಳಲಿ. ಇವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ನಿನ್ನ ಕಾಗದ ನೆನಪಾಯಿತು. ತಲೆಕೆಳಗಾಗಿ ಇಟ್ಟರೂ ಶಭಾಷ್ ಅನ್ನುತ್ತದೆ ಅಂತ ಬರೆದಿದ್ದೆಯಲ್ಲ. ಫೋನ್ ಮಗಳಿಗೆ ಕೊಟ್ಟೆ.

ಯಂತ್ರದ ಮಾತು ಹೇಗೆ ನಂಬೋದು? ದೊಡ್ಡ ಡಾಕ್ಟರು ಮನುಷ್ಯರು. ಕಣ್ಣಿಂದ ನೋಡಿ ಹೇಳಿದ್ದು.

ಫೋನ್ ತೆಗೆಯದೇ ಇದ್ದದ್ದು ಸಿಟ್ಟಿಗಲ್ಲ ಕಣೋ. ನನ್ನಿಂದ ನಿನ್ನ ಕೋಣೆಗೂ ಕೆಟ್ಟ ಹೆಸರು ಬಂತು. ಅದಕ್ಕೆ ಕ್ಷಮಿಸು. ನಾಲ್ಕು ವರ್ಷದಿಂದ ಇದನ್ನು ಹೇಳಬೇಕು ಅಂತಿದ್ದೆ. ಈಗ ಹೇಳಿದೆ, ಹಗುರ ಆಯಿತು.

ಸರ್ಟಿಫಿಕೇಟ್ ಬಂದ ದಿನ ಪ್ರಾಸ ಹಾಕಿ ಒಂದು ಉದ್ದ ಕಾಗದ ಬರಿ. ಇವಳಿಗೆ ಓದಬೇಕಂತೆ.

ಬಾಚಿ

ಆಗಸ್ಟ್ 19

ಮಾನ್ಯ ಅಧ್ಯಕ್ಷರೇ, ಮೇಲ್ದವಡೆಯ ಗಣ್ಯರೇ, ಕೆಳದವಡೆಯ ಮಹನೀಯರೇ! ತಮ್ಮ ಈ ಸೇವಕ ಪಾಸಾಗಿದ್ದಾನೆ. ಕಲಿತದ್ದು ತುಸು, ಗಳಿಸಿದ್ದು ಕಾಗದದ ಹಾಸು. ಪರದೆಯ ಮೇಲೆ ಬಣ್ಣದ ಚೂರುಗಳು ಸುರಿದವು, ಶಭಾಷ್‌ರಾಯ ಕುಣಿದ. ಚಿಕ್ಕ ಡಾಕ್ಟರು ಅದನ್ನು ಚೌಕಟ್ಟು ಹಾಕಿಸಿ ಕಪಾಟಿನ ಪಕ್ಕದಲ್ಲೇ ಮೊಳೆ ಹೊಡೆಸಿದ್ದಾಳೆ. ಇನ್ನೂರ ಹದಿನಾರು ಬಾಯಿಗಳೂ ಎಂದಿನಂತೆ ಬೆರಗಾಗಿ ತೆರೆದುಕೊಂಡಿವೆ.

ಬಾಚಿ, ಅತ್ತಿಗೆಗೆ ಉದ್ದ ಕಾಗದ ಬೇಕು ಅಂದಿದ್ದೆ. ಇಲ್ಲಿಯವರೆಗೆ ಬರೆದು ಮೂರು ದಿನ ಮೇಜಿನ ಮೇಲಿಟ್ಟೆ. ಮುಂದಿನದನ್ನು ಅತ್ತಿಗೆಗೆ ಓದಿ ಹೇಳುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ಮೊಳೆ ಹೊಡೆಸಿದ ದಿನ ಚಿಕ್ಕ ಡಾಕ್ಟರು ಕೇಳಿದಳು: "ಅಂಕಲ್, ಕೆಲಸ ಜಾಸ್ತಿಯಾಗ್ತಿದೆ. ಇನ್ನೊಂದು ಕುರ್ಚಿ ಹಾಕಿಸೋಣ ಅಂತಿದ್ದೀನಿ. ಮುಂದಿನ ಹಲ್ಲಿಗೆ ಕೈ ಇರೋರು ಯಾರಾದ್ರೂ ನಿಮಗೆ ಗೊತ್ತಾ?"

"ಒಬ್ಬರಿದ್ದಾರೆ" ಅಂದೆ. ನಿನ್ನ ಬಗ್ಗೆ ಹೇಳಿದೆ.

"ಓ, ಅವರಾ? ಕೈ ತಪ್ಪಿದೋರು ಅಂತ ಅಪ್ಪ ಹೇಳ್ತಿದ್ರಲ್ಲ?" ಅಂದಳು.

ನಾನು ಸುಮ್ಮನಿದ್ದೆ. ತಲೆ ತಗ್ಗಿಸಿಕೊಂಡು. ನೀನು ಅತ್ತಿಗೆಗೆ ಹೇಳಿದೆಯಲ್ಲ, ಥೇಟ್ ಹಾಗೇ. ಅವಳು ಒಂದು ನಿಮಿಷ ಕಾದು ಹೊರಟುಹೋದಳು.

ಆಮೇಲೆ ಬಾಗಿಲು ಹಾಕಿಕೊಂಡು ನನ್ನ ಮೇಜಿನ ಕೆಳಗಿನ ಖಾನೆ ತೆಗೆದೆ. ಹೆಡ್‌ಮಿಸ್ಟ್ರೆಸ್ ಅಮ್ಮನವರು ತಂದಿಟ್ಟ ಆ ಕಟ್ಟು ಅಲ್ಲಿದೆ, ಅವರ ಕರವಸ್ತ್ರದಲ್ಲೇ. ದೊಡ್ಡ ಡಾಕ್ಟರು ಕಸಕ್ಕೆ ಹಾಕಿದ್ದರು, ನಾನು ಹೆಕ್ಕಿಕೊಂಡಿದ್ದೆ. ನಾಲ್ಕು ವರ್ಷದಿಂದ ಅದನ್ನು ಬಿಚ್ಚಿರಲಿಲ್ಲ. ಬಿಚ್ಚಿದೆ. ಎಡಗಡೆಯ ಎರಡನೇ ಹಲ್ಲು ಕೂದಲೆಳೆಯಷ್ಟು ತಿರುಗಿದೆ. ಕಪಾಟಿನ ಮೂರನೇ ಸಾಲಿನಿಂದ ಅರವತ್ತನೇ ನಂಬರಿನ ಅಚ್ಚು ಇಳಿಸಿ, ಅದರ ಮೇಲೆ ಇಟ್ಟೆ. ಟಕ್ ಅಂತ ಕೂತಿತು. ಅಂಚಿನ ಸುತ್ತ ಉಗುರು ಆಡಿಸಿದೆ, ಎಲ್ಲೂ ಸಂದು ಸಿಗಲಿಲ್ಲ. ತಲೆಕೆಳಗು ಮಾಡಿ ಹಿಡಿದೆ, ಬೀಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಈ ಕೋಣೆಯಿಂದ ಹೊರಗೆ ಹೋದ ಕಟ್ಟುಗಳಲ್ಲಿ ಇಷ್ಟು ಚೆನ್ನಾಗಿ ಕೂತದ್ದನ್ನು ನಾನು ನೋಡಿಲ್ಲ. ಅದು ಹೆಡ್‌ಮಿಸ್ಟ್ರೆಸ್ ಅಮ್ಮನವರ ಬಾಯಿ ಅಲ್ಲ, ಅಷ್ಟೇ. ನಿನ್ನ ಕೈಗೆ ಕೊಟ್ಟಿದ್ದ ಅಚ್ಚೇ ಬೇರೆಯವರದು.

ಇನ್ನೂರ ಹದಿನಾರರಲ್ಲಿ ಅರವತ್ತನೆಯದನ್ನೇ ನಾನು ನೇರವಾಗಿ ಹೇಗೆ ಇಳಿಸಿದೆ ಅಂತ ನೀನು ಕೇಳುತ್ತೀಯ.

ಆ ವಾರ ನಲವತ್ತೊಂದು, ಅರವತ್ತು ಎರಡೂ ಕೆಲಸದ ಅಚ್ಚುಗಳನ್ನು ನಾನು ನೀರಿನಲ್ಲಿ ಬಿಟ್ಟಿದ್ದೆ. ಸ್ಕೆಚ್ ಪೆನ್ನು ತೊಳೆದುಹೋಯಿತು. ಹಲ್ಲಿಲ್ಲದ ಎರಡು ಮೇಲ್ದವಡೆ, ನೋಡಲು ಒಂದೇ ಥರ. ಕಪಾಟಿನ ಜೋಡಿ ಇಳಿಸಿ ಹೋಲಿಸಿದ್ದರೆ ಮುಗಿಯುತ್ತಿತ್ತು, ನಾಲ್ಕು ಹೆಜ್ಜೆ. ನೆನಪಿದ್ದ ಹಾಗೆ ನಂಬರು ಬರೆದು, ನಲವತ್ತೊಂದು ಅಂದುಕೊಂಡದ್ದನ್ನು ನಿನ್ನ ಮೇಜಿನ ಮೇಲಿಟ್ಟೆ. ದೊಡ್ಡ ಡಾಕ್ಟರು "ಕೈ ತಪ್ಪಿದೆ" ಅಂದ ಕ್ಷಣವೇ ನನಗೆ ಗೊತ್ತಾಯಿತು. ನೀನು ನಿನ್ನ ಚೀಲ ತುಂಬಿಕೊಳ್ಳುತ್ತಿದ್ದಾಗ ಅರವತ್ತು ಅಂತ ಬರೆದಿಟ್ಟಿದ್ದ ಅಮ್ಮನವರ ಅಚ್ಚನ್ನು ನಾನು ಸುತ್ತಿಗೆಯಿಂದ ಒಡೆದು, ಕೈ ಜಾರಿ ಬಿತ್ತು ಅಂತ ಹೇಳಿ ಹೊಸದು ತರಿಸಿಕೊಂಡೆ. ನಾನು ಸುಮ್ಮನಿದ್ದದ್ದು ನಿನ್ನ ಮಾನ ಉಳಿಸಲು ಅಲ್ಲ.

ಚಿಕ್ಕ ಡಾಕ್ಟರಿಗೆ ನಾಳೆ ಬೆಳಿಗ್ಗೆ ಹೇಳುತ್ತೇನೆ. ಮೊದಲು ನಿನಗೆ.

ಆ ನಂಬರ್ ಬರೆದದ್ದು ನಾನು.

ದವಡೆ